ರಬ್ಬರ್ ಹಾಲು ಮತ್ತು ಒಪೆರಾ ಮನೆ

ಬ್ರೆಜಿಲ್ ದೇಶದ ಮನೌಸ್ ಪಟ್ಟಣದ ಒಪೆರಾ ಮನೆಯನ್ನು ನೋಡಿ ಬಂದವರು ಬರೆಯೋದೆಲ್ಲ ಒಂದೇ: ಕಾಡಿನ ನಡುವೆ ಕಲೆಯ ಅರಮನೆ. ಗುಮ್ಮಟಕ್ಕೆ 36,000 ಬಣ್ಣದ ಹೆಂಚು, ಇಟಲಿಯ ಅಮೃತಶಿಲೆ, ವೆನಿಸ್ಸಿನ ಗಾಜಿನ ದೀಪಗೊಂಚಲು. ಮೆತ್ತನೆ ಕುರ್ಚಿಯಲ್ಲಿ ಕೂತು ಹಾಡು ಕೇಳಿ ಕಣ್ಣೀರು ಹಾಕಿದೆವು ಅಂತಾರೆ. ಹಾಕಲಿ. ಕಣ್ಣೀರಿನ ಬಗ್ಗೆ ನಮ್ಮ ತಕರಾರಿಲ್ಲ. ಆ ಕುರ್ಚಿಯ ದುಡ್ಡು ಯಾರದು ಅಂತ ಇವರು ಕೇಳೋದಿಲ್ಲವಲ್ಲ, ತಕರಾರು ಅದು.

ದುಡ್ಡು ರಬ್ಬರಿನದು. ಬರಗಾಲಕ್ಕೆ ಸಿಕ್ಕಿ ಸಿಯಾರಾ ಸೀಮೆಯಿಂದ ಗುಳೆ ಬಂದ ಕೂಲಿಯವನು ನಸುಕಿಗೇ ಎದ್ದು, ಮರದಿಂದ ಮರಕ್ಕೆ ಕಾಡು ಸುತ್ತಿ, ತೊಗಟೆ ಕೊಯ್ದು ಹಾಲು ಹಿಡಿಯಬೇಕು. ಆಮೇಲೆ ಹೊಗೆಯ ಮುಂದೆ ಕೂತು, ಕಣ್ಣು ಉರಿಸಿಕೊಂಡು, ಆ ಹಾಲನ್ನು ಉಂಡೆ ಕಟ್ಟಬೇಕು. ಅವನು ಕಾಡಿಗೆ ಕಾಲಿಡೋ ಮೊದಲೇ ಸಾಲಗಾರ. ಬಂದ ದಾರಿಯ ಖರ್ಚು, ಕತ್ತಿ, ಬಟ್ಟಲು, ಹಿಟ್ಟು, ಎಲ್ಲ ಧಣಿಯದು, ಧಣಿ ಹೇಳಿದ ಬೆಲೆ. ರಬ್ಬರಿಗೂ ಧಣಿ ಹೇಳಿದ್ದೇ ಬೆಲೆ. ಲೆಕ್ಕದ ಪುಸ್ತಕವೂ ಅವನ ಕೈಲೇ. ಇದಕ್ಕೆ ಅಲ್ಲಿ 'ಅವಿಯಮೆಂತೊ' ಅಂತ ಹೆಸರು. ನಮ್ಮ ಅಪ್ಪಂದಿರಿಗೆ ಈ ಹೆಸರು ಗೊತ್ತಿಲ್ಲ, ಲೆಕ್ಕ ಮಾತ್ರ ಚೆನ್ನಾಗಿ ಗೊತ್ತು. ನಾವು ಜೀತ ಅಂತೀವಿ. ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿದ್ದು 1888ರಲ್ಲಿ. ಒಪೆರಾ ಮನೆ ಬಾಗಿಲು ತೆರೆದದ್ದು 1896ರ ಡಿಸೆಂಬರ್ 31ಕ್ಕೆ. ನಮ್ಮಲ್ಲಿ ಜೀತ ರದ್ದತಿಯ ಕಾನೂನು 1976ರದು. ಕಾನೂನು ಬಂದ ಮಾತ್ರಕ್ಕೆ ಸಾಲದ ಪುಸ್ತಕ ಹರಿಯಲಿಲ್ಲ, ಅಲ್ಲೂ, ಇಲ್ಲೂ.

ಅದೇ ಅಮೆಜಾನಿನ ಮೇಲಿನ ಪುಟುಮಾಯೊ ಸೀಮೆಯಲ್ಲಿ ಮೂಲನಿವಾಸಿಗಳು ತಂದ ರಬ್ಬರಿನ ತೂಕ ಕಮ್ಮಿಯಾದರೆ ಚಾಟಿ ಏಟು. ರೋಜರ್ ಕೇಸ್‌ಮೆಂಟ್ ಬರೆದ ವರದಿ 1912ರಲ್ಲೇ ಅಚ್ಚಾಗಿದೆ. ನಮ್ಮ ಪ್ರವಾಸಿಗಳಿಗೆ ಅದನ್ನು ಓದಲು ಪುರುಸೊತ್ತಿಲ್ಲ!

ಆ ಮನೆಯಲ್ಲಿ 1897ರ ಜನವರಿಯಲ್ಲಿ ಮೊದಲು ಆಡಿದ ಒಪೆರಾ 'ಲಾ ಜಿಯೊಕೊಂಡ'. ಕತೆ ಏನು ಗೊತ್ತೇ? ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆಯೋ ಒಬ್ಬಳು, ಅವಳ ಕುರುಡಿ ತಾಯಿ. ಆ ತಾಯಿಯನ್ನು ಮಾಟಗಾತಿ ಅಂತ ಜನ ಸುಡಲು ಹೊರಡುತ್ತಾರೆ. ಬಾನಾಮತಿ ಹೆಸರಲ್ಲಿ ಹೆಂಗಸರನ್ನು ಬಡಿದದ್ದು ಕೇಳಿಬಲ್ಲ ನಮಗೆ ಅವಳೇನು ಹೊಸಬಳಲ್ಲ. ರಬ್ಬರ್ ದೊರೆಗಳ ಊರಲ್ಲಿ ಬೀದಿಯವಳ ಸಂಕಟಕ್ಕೆ ಚಪ್ಪಾಳೆ ಬಿತ್ತು. ಕಾಡಿನ ಕೂಲಿಯವನ ಸಾಲ ಹಾಗೇ ಇತ್ತು.

ಹಾಗಾದ್ರೆ ಒಪೆರಾ ಬೇಡವಾ ಅಂತ ಕೇಳ್ತೀರಿ. ಯಾಕೆ ಬೇಡ? ಆ ಹಾಡು ಬೀದಿಯವಳದು, ನಮಗೇ ಹೆಚ್ಚು ಬೇಕು. 1997ರಲ್ಲಿ ಅಲ್ಲಿ ಒಪೆರಾ ಉತ್ಸವ ಶುರುವಾಯಿತು. ಹೋಗೋರು ಹೋಗಲಿ. ಹೆಂಚಿನ ಲೆಕ್ಕ ಕೊಡೋರು ಹಾಲು ಹಿಡಿದ ಕೈಗಳ ಲೆಕ್ಕವನ್ನೂ ಕೊಡಲಿ. ಮೇಷ್ಟ್ರೇ, ಮಕ್ಕಳಿಗೆ ಆ ಗುಮ್ಮಟದ ಚಿತ್ರ ತೋರಿಸಿದರೆ, ಪಕ್ಕದಲ್ಲಿ ಬೋರ್ಡಿನ ಮೇಲೆ ಒಂದು ರಬ್ಬರ್ ಉಂಡೆಯನ್ನೂ ಬರೆಯಿರಿ.