ನಮ್ಮ ಫ್ಲಾಟಿಗೆ ಪಾರ್ಕಿಂಗು, ಪಕ್ಕದವರ ಗೋಡೆಗೆ ಬಿರುಕು



ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ನೆಲೆಸಿರುವ ನಾವು ಭಾರಿ ಜಾಣರು. ಪಕ್ಕದ ಸೈಟಿನಲ್ಲಿ ಅಗೆತ ಶುರುವಾದರೆ ಸಾಕು, ನಮ್ಮ ಗೋಡೆಗಳ ಫೋಟೋ ತೆಗೆದಿಟ್ಟು ಕೌನ್ಸಿಲ್ಲಿಗೆ ಕಾಗದ ಬರೆಯುತ್ತೇವೆ. ತಪ್ಪೇನಿಲ್ಲ, ಕಾನೂನೇ ನಮ್ಮ ಬೆನ್ನಿಗಿದೆ. ಪಶ್ಚಿಮ ಆಸ್ಟ್ರೇಲಿಯಾದ 2011ರ ಕಟ್ಟಡ ಕಾಯಿದೆಯ ಪ್ರಕಾರ ನೆರೆಯವರ ನೆಲಕ್ಕೆ ಧಕ್ಕೆ ತರುವ ಕೆಲಸಕ್ಕೆ ಅವರ ಒಪ್ಪಿಗೆಯೋ ಕೋರ್ಟಿನ ಆದೇಶವೋ ಬೇಕು. ದಕ್ಷಿಣ ಆಸ್ಟ್ರೇಲಿಯಾದಲ್ಲೂ ಮೊದಲೇ ನೋಟಿಸು ಕೊಡಬೇಕು.

ಅದೇ ನಾವು ಬೆಂಗಳೂರಿನಲ್ಲಿ ಫ್ಲಾಟು ಕೊಳ್ಳುವಾಗ ಕೇಳುವುದೇನು? ಚದರಡಿಗೆ ಎಷ್ಟು, ಎರಡು ಕಾರಿಗೆ ಜಾಗವಿದೆಯೇ, ವಾಸ್ತು ಸರಿಯಿದೆಯೇ. ಆ ಕಾರುಗಳಿಗಾಗಿ ತೋಡುವ ಗುಂಡಿಯ ಪಕ್ಕದಲ್ಲಿ ಯಾರ ಮನೆಯಿದೆ ಎಂದು ಕೇಳಿದವರುಂಟೇ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ನೆಲದ ಲೆಕ್ಕ ಸರಳ. ತಡೆಗೋಡೆಗೆ ಕಂದಕ ತೋಡುವಾಗಲೇ ಸುತ್ತಲ ಮಣ್ಣು ಸ್ವಲ್ಪ ಜರುಗುತ್ತದೆ. ಆಮೇಲೆ ಒಳಗಿನ ಮಣ್ಣು ತೆಗೆದಂತೆಲ್ಲ ಗೋಡೆ ಒಳಕ್ಕೆ ಬಾಗುತ್ತದೆ, ಹಿಂದಿನ ನೆಲ ಇಳಿಯುತ್ತದೆ. ನೀರು ಪಂಪು ಮಾಡಿ ತೆಗೆದರೆ ಜೇಡಿಮಣ್ಣು ಕುಗ್ಗಿ ಮತ್ತಷ್ಟು ಇಳಿಯುತ್ತದೆ. ಗುಂಡಿಯ ಆಳದ ಎರಡು ಮೂರು ಪಟ್ಟು ದೂರಕ್ಕೂ ಇದರ ಪರಿಣಾಮ ಮುಟ್ಟಬಹುದು. 10 ಮೀಟರ್ ತೋಡಿದರೆ 20–30 ಮೀಟರ್. 30×40 ಸೈಟುಗಳ ಬೀದಿಯಲ್ಲಿ ಎಷ್ಟು ಮನೆಗಳಾದವು, ನೀವೇ ಎಣಿಸಿ.

ಗೋಡೆ ಕಟ್ಟಿಯೂ ಅನಾಹುತಗಳಾಗಿವೆ. 2004ರಲ್ಲಿ ಸಿಂಗಪುರದ ನಿಕೋಲ್ ಹೈವೇ ಕುಸಿದು ನಾಲ್ವರು ಸತ್ತರು. 2009ರಲ್ಲಿ ಜರ್ಮನಿಯ ಕೊಲೋನ್ ನಗರದ ಪತ್ರಾಗಾರವೇ ಮೆಟ್ರೋ ಗುಂಡಿಯ ಪಕ್ಕದಲ್ಲಿ ನೆಲಕಚ್ಚಿತು. ನಮ್ಮ ಪರ್ತಿನಲ್ಲೇ 2018ರಲ್ಲಿ ಫಾರೆಸ್ಟ್‌ಫೀಲ್ಡ್ ಸುರಂಗಕ್ಕೆ ನೀರು ನುಗ್ಗಿ ಮೇಲಿನ ರಸ್ತೆಯಲ್ಲಿ ಗುಂಡಿ ಬಿತ್ತು. ಇಷ್ಟೆಲ್ಲ ಎಂಜಿನಿಯರುಗಳಿದ್ದ ಕಡೆ ಈ ಗತಿಯಾದರೆ, ಗೋಡೆಯೇ ಇಲ್ಲದೆ ಗಡಿಯಂಚಿನವರೆಗೆ ಜೆಸಿಬಿ ಇಳಿಸುವವರಿಗೆ ಏನೆನ್ನೋಣ? ಮಂಗಳೂರಿನ ಬಲ್ಮಠದಲ್ಲಿ 2024ರ ಜುಲೈನಲ್ಲಿ ಮಣ್ಣು ಕುಸಿದು ಕಾರ್ಮಿಕನೊಬ್ಬ ಪ್ರಾಣ ಬಿಟ್ಟ.

ನಮ್ಮಲ್ಲೇ ಒಬ್ಬರ ತಾಯಿಯ ಮನೆ ಹೀಗೆ ಬಿರುಕು ಬಿಟ್ಟಿತು. "ಹಳೇ ಮನೆ ಅಲ್ವೇನಮ್ಮಾ, ಮೊದಲೇ ಇತ್ತು" ಎಂದ ಬಿಲ್ಡರ್. ಮೊದಲಿನ ಫೋಟೋ ಇರಲಿಲ್ಲ. ವಾದ ಅಲ್ಲಿಗೇ ಮುಗಿಯಿತು. ಆ ಬಿಲ್ಡರನ ಫ್ಲಾಟುಗಳನ್ನು ಕೊಂಡವರು ಯಾರು? ನಮ್ಮಂಥವರೇ.

ಪರದೇಶದಲ್ಲಿ ಕೂತು ಉಪದೇಶವೇಕೆ ಎನ್ನುವವರಿದ್ದಾರೆ. ಉಪದೇಶವಲ್ಲ ಸ್ವಾಮಿ, ದುಡ್ಡು ನಮ್ಮದು. ಮುಂಗಡ ಕೊಡುವ ಮುನ್ನ ಮೂರು ಮಾತು ಕೇಳೋಣ: ಮಣ್ಣು ಪರೀಕ್ಷೆಯ ವರದಿ ಎಲ್ಲಿ? ತಡೆಗೋಡೆಯ ವಿನ್ಯಾಸಕ್ಕೆ ಸಹಿ ಹಾಕಿದವರು ಯಾರು? ಅಗೆಯುವ ಮುಂಚೆ ನೆರೆಮನೆಗಳನ್ನು ಪರಿಶೀಲಿಸಿ ದಾಖಲೆ ಇಟ್ಟಿದ್ದಾರೆಯೇ? ಉತ್ತರವಿಲ್ಲದಿದ್ದರೆ ಚೆಕ್ಕು ಜೇಬಿನಲ್ಲೇ ಇರಲಿ.

ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಜೊತೆಗೆ ಮನೆಯ ಗೋಡೆಗಳ ಫೋಟೋವನ್ನೂ ತೆಗೆದು ಬನ್ನಿ.