ನಂಟರ ಸಾಲಕ್ಕೆ ಬಡ್ಡಿ ಬೇಕೆ?

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಜಿಲ್ಲೆಯ ಕೃಷಿಕರ ಕೈ ಬರಿದಾಗಿರುತ್ತದೆ. ಮಾರಬಹುದಾದ ಅಡಿಕೆಯನ್ನು ಅದಾಗಲೇ ಮಾರಿ ಆಗಿರುತ್ತದೆ. ತೋಟಕ್ಕೆ ಬೋರ್ಡೋ ದ್ರಾವಣ ಬಿಡಿಸುವ ಖರ್ಚು, ಮಕ್ಕಳ ಶಾಲೆ ಕಾಲೇಜಿನ ಖರ್ಚು, ಸೋರುವ ಮಾಡಿನ ಖರ್ಚು, ಇವೆಲ್ಲ ಜೂನ್ ತಿಂಗಳಲ್ಲೇ ಒಟ್ಟಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಆಗ ಮೊದಲು ನೆನಪಿಗೆ ಬರುವುದು ಬ್ಯಾಂಕಲ್ಲ, ನಂಟರು. ಉದ್ಯೋಗದಲ್ಲಿರುವ ಭಾವ, ನಿವೃತ್ತರಾದ ಮಾವ, ಗಲ್ಫಿನಲ್ಲಿರುವ ತಮ್ಮ, ಇವರಲ್ಲಿ ಯಾರಾದರೊಬ್ಬರ ಮನೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಹಣವೂ ಬಹುಮಟ್ಟಿಗೆ ಸಿಗುತ್ತದೆ. ಸಿಗದಿರುವುದು ಒಂದೇ: ಆ ಹಣಕ್ಕೆ ಬಡ್ಡಿ ಉಂಟೋ ಇಲ್ಲವೋ ಎಂಬ ಸ್ಪಷ್ಟವಾದ ಮಾತು.

ಬಡ್ಡಿಯ ಮಾತೆತ್ತಿದರೆ ಕೊಡುವವನು ಜಿಪುಣನೆನಿಸಿಕೊಳ್ಳುತ್ತಾನೆ. ಕೇಳುವವನು ತಾನಾಗಿ ಆ ಮಾತೆತ್ತಿದರೆ ನಂಟರನ್ನು ಬಡ್ಡಿ ವ್ಯಾಪಾರಿಗಳ ಸಾಲಿನಲ್ಲಿ ಕೂರಿಸಿದಂತಾಗುತ್ತದೆ. ಆದುದರಿಂದ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನಮ್ಮ ನಡುವಿನ ಎಷ್ಟೋ ಮನಸ್ತಾಪಗಳ ಬೇರು ಈ ಮೌನದಲ್ಲಿದೆ ಎಂದರೆ ತಪ್ಪಾಗಲಾರದು.

ನಮಗೆ ತಿಳಿದ ಒಂದು ಕುಟುಂಬದ ಸಂಗತಿ ಇದು. ಅಣ್ಣನು ಠೇವಣಿ ಇಟ್ಟಿದ್ದ ರೂ. 2 ಲಕ್ಷವನ್ನು ಅವಧಿಗೆ ಮುಂಚೆ ಹಿಂತೆಗೆದು ತಮ್ಮನಿಗೆ ಕೊಟ್ಟನು. ಬರುವ ವರ್ಷ ಅಡಿಕೆ ಮಾರಿದ ಕೂಡಲೇ ಹಿಂದಿರುಗಿಸುವ ಮಾತಾಗಿತ್ತು. ಒಂದು ವರ್ಷ ಕೊಳೆರೋಗ, ಮತ್ತೊಂದು ವರ್ಷ ಮದುವೆ, ಹೀಗೆ ಐದು ವರ್ಷ ಕಳೆಯಿತು. ಕೊನೆಗೆ ತಮ್ಮನು ಎರಡು ಲಕ್ಷವನ್ನು ಒಂದು ಪೈಸೆ ಕಡಿಮೆಯಾಗದಂತೆ ತಂದುಕೊಟ್ಟು ಋಣ ತೀರಿತೆಂದು ನಿಟ್ಟುಸಿರು ಬಿಟ್ಟನು. ಅಣ್ಣನ ಲೆಕ್ಕ ಬೇರೆ ಇತ್ತು. ಶೇಕಡಾ 7ರ ಸರಳ ಬಡ್ಡಿ ಹಿಡಿದರೂ ಐದು ವರ್ಷಕ್ಕೆ ರೂ. 70,000 ಆಗುತ್ತದೆ. ಆತ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ತಮ್ಮನ ಮನೆಯ ಒಕ್ಕಲಿಗೆ ಮಾತ್ರ ಹೋಗಲಿಲ್ಲ. ಇಂದು ಅಣ್ಣತಮ್ಮಂದಿರ ಮಕ್ಕಳು ಹೈಸ್ಕೂಲಿನ ಒಂದೇ ತರಗತಿಯಲ್ಲಿ ಕುಳಿತು ಒಬ್ಬರನ್ನೊಬ್ಬರು ಮಾತನಾಡಿಸುವುದಿಲ್ಲ. ಇಂತಹ ಮಕ್ಕಳನ್ನು ಅಧ್ಯಾಪಕರು ಪ್ರತಿವರ್ಷ ಕಾಣುತ್ತಾರೆ. ಇಲ್ಲಿ ತಪ್ಪು ಯಾರದು? ಅಣ್ಣನು ಲೋಭಿಯಲ್ಲ, ತಮ್ಮನು ವಂಚಕನಲ್ಲ. ಕೊಡುವ ದಿನ ಎರಡು ಮಾತು ಆಡದಿದ್ದುದೇ ಇಬ್ಬರ ತಪ್ಪು.

ಹಿಂದೆ ಈ ಪ್ರಶ್ನೆ ಇಷ್ಟು ಕಠಿಣವಾಗಿರಲಿಲ್ಲ. ಅವಿಭಕ್ತ ಕುಟುಂಬದಲ್ಲಿ ಹಣದ ಪೆಟ್ಟಿಗೆ ಒಂದೇ, ಬೀಗದ ಕೈ ಯಜಮಾನನ ಸೊಂಟದಲ್ಲಿ. ಅಲ್ಲಿ ಸಾಲವೂ ಇಲ್ಲ, ಬಡ್ಡಿಯೂ ಇಲ್ಲ. ಅನ್ಯಾಯಗಳೇನಾದರೂ ಇದ್ದರೆ ಅವು ಬೇರೆ ಬಗೆಯವು. ಕೇರಳದಲ್ಲಿ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನು ರದ್ದುಪಡಿಸಿದ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಅಳಿಯಸಂತಾನದ ಮನೆಗಳೂ ಅದರ ವ್ಯಾಪ್ತಿಗೆ ಒಳಪಟ್ಟವು. ಪಾಲಾದ ಮೇಲೆ ಪ್ರತಿಯೊಬ್ಬನಿಗೂ ಅವನದೇ ಪಾಸ್‌ಬುಕ್, ಅವನದೇ ಕಷ್ಟ. ಮನೆಗಳು ಬೇರೆಯಾದರೂ ಹಣದ ವಿಷಯದಲ್ಲಿ ಒಂದೇ ಪೆಟ್ಟಿಗೆಯ ಕಾಲದ ಸಂಕೋಚವನ್ನು ನಾವು ಬಿಟ್ಟಿಲ್ಲ.

ಬಡ್ಡಿಯೆಂದರೆ ಪಾಪವೆಂದು ಹೇಳುವವರಿದ್ದಾರೆ. ನಮ್ಮ ಹಿರಿಯರು ಅದನ್ನು ಹಾಗೆ ಸಾರಾಸಗಟಾಗಿ ತಿರಸ್ಕರಿಸಿರಲಿಲ್ಲ, ಮಿತಿ ಹಾಕಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವು ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು ಪಣವನ್ನು ಧರ್ಮಸಮ್ಮತವೆನ್ನುತ್ತದೆ. ಅಂದರೆ ವರ್ಷಕ್ಕೆ ಶೇಕಡಾ 15. ಮನುಸ್ಮೃತಿಯು ಹೇಳುವ ಎಂಬತ್ತನೆಯ ಒಂದು ಭಾಗವೂ ಅಷ್ಟೇ ಆಗುತ್ತದೆ. ಬಡ್ಡಿಯು ಅಸಲನ್ನು ಮೀರಬಾರದೆಂಬ ನಿಯಮವೂ ಹಳೆಯದೇ. ಇಸ್ಲಾಂ ಧರ್ಮವಾದರೋ ಬಡ್ಡಿಯನ್ನು ನಿಷೇಧಿಸಿ, ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಯಬೇಕೆಂದು ವಿಧಿಸುತ್ತದೆ. ಕಲ್ಲಿಕೋಟೆ ಜಿಲ್ಲೆಯ ವಡಗರದ ಕಡೆ ಪಣಪ್ಪಯಟ್ಟು ಎಂಬ ಪದ್ಧತಿ ಇದೆ. ಹಣದ ಅಗತ್ಯವಿರುವವನು ಊರವರನ್ನು ಚಹಾಕ್ಕೆ ಕರೆಯುತ್ತಾನೆ. ಬಂದವರು ಕೈಲಾದಷ್ಟು ಕೊಡುತ್ತಾರೆ, ಪುಸ್ತಕದಲ್ಲಿ ಬರೆಯಲಾಗುತ್ತದೆ. ಮುಂದೆ ಅವರು ಕರೆದಾಗ ಇವನು ಹೋಗಿ ಹಿಂದಿರುಗಿಸಬೇಕು. ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಅದು ಬಡ್ಡಿಯಲ್ಲ, ಹೊಸ ಋಣವೆಂದೇ ಲೆಕ್ಕ. ಇಲ್ಲಿ ಗಮನಿಸಬೇಕಾದುದು ಆ ಪುಸ್ತಕ. ಬಡ್ಡಿ ಇಲ್ಲದ ಕಡೆಯೂ ಬರಹ ಇದೆ. ಬರಹವಿದ್ದುದರಿಂದ ಯಾರಿಗೂ ಅವಮಾನವಾಗಿಲ್ಲ.

ಹಾಗಾದರೆ ನಂಟರಲ್ಲಿ ಬಡ್ಡಿ ಪಡೆಯಬಹುದೇ? ಸಾಲದ ಕಾರಣವನ್ನು ನೋಡಿ ತೀರ್ಮಾನಿಸಬೇಕೆಂಬುದು ನಮ್ಮ ಅಭಿಪ್ರಾಯ. ಆಸ್ಪತ್ರೆಗೆ, ಉತ್ತರಕ್ರಿಯೆಗೆ, ಮಕ್ಕಳ ಫೀಸಿಗೆ ಕೇಳಿದ ಹಣಕ್ಕೆ ಬಡ್ಡಿ ಹಾಕುವುದು ನಂಟಸ್ತಿಕೆಗೆ ಒಪ್ಪುವ ಮಾತಲ್ಲ. ಅಲ್ಲಿ ತನ್ನಿಂದ ಸಾಧ್ಯವಾದಷ್ಟನ್ನು ಮಾತ್ರ, ಬರದಿದ್ದರೂ ತಡೆದುಕೊಳ್ಳಬಹುದಾದಷ್ಟನ್ನು ಮಾತ್ರ ಕೊಡುವುದು ಒಳ್ಳೆಯದು. ಆದರೆ ಅಂಗಡಿ ಹಾಕಲು, ಜಾಗ ಕೊಳ್ಳಲು, ಆಟೋ ರಿಕ್ಷಾ ಕೊಳ್ಳಲು, ಅಂದರೆ ಆದಾಯ ತರುವ ಕೆಲಸಕ್ಕೆ ಪಡೆದ ಹಣದ ಮಾತು ಬೇರೆ. ಅದರಿಂದ ಒಬ್ಬನು ಗಳಿಸುವಾಗ ಇನ್ನೊಬ್ಬನು ಮಾತ್ರ ಕಳೆದುಕೊಳ್ಳಬೇಕೆಂಬುದು ಯಾವ ನ್ಯಾಯ? ಠೇವಣಿ ಮುರಿದು ಕೊಟ್ಟವನಿಗೆ ಠೇವಣಿಯ ಬಡ್ಡಿಯನ್ನೂ, ತಾನೇ ಸೊಸೈಟಿಯಿಂದ ಸಾಲ ತೆಗೆದು ಕೊಟ್ಟವನಿಗೆ ಅಲ್ಲಿನ ಬಡ್ಡಿಯನ್ನೂ ತುಂಬಿಕೊಡುವುದು ಪಡೆದವನ ಕರ್ತವ್ಯ. ಕೇಳುವ ತನಕ ಕಾಯಬಾರದು. ಪಿಂಚಣಿಯೊಂದರಿಂದಲೇ ಬದುಕುವ ಹಿರಿಯರ, ವಿಧವೆ ಅತ್ತೆಯ ಹಣವಾದರಂತೂ ಈ ಕರ್ತವ್ಯ ಇಮ್ಮಡಿ.

ಆದರೆ ಇದಕ್ಕೂ ಮಿತಿ ಇದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಶೇಕಡಾ 36 ಆಯಿತು. ಅದು ನಂಟಸ್ತಿಕೆಯಲ್ಲ, ಈ ರಾಜ್ಯದಲ್ಲಿ ಜನರು 'ಬ್ಲೇಡ್' ಎಂದು ಕರೆಯುವ ವ್ಯವಹಾರ. ವಿಪರೀತ ಬಡ್ಡಿಯನ್ನು ತಡೆಯಲು ಕೇರಳವು 2012ರಲ್ಲಿ ಕಾಯಿದೆಯನ್ನೇ ಮಾಡಿದೆ. 2014ರಲ್ಲಿ 'ಆಪರೇಷನ್ ಕುಬೇರ' ಎಂಬ ಹೆಸರಿನಲ್ಲಿ ಪೊಲೀಸರು ದಾಳಿಗಳನ್ನೂ ನಡೆಸಿದ್ದರು. ನಂಟನ ಸೋಗಿನಲ್ಲಿ ಬ್ಲೇಡ್ ಬಂದರೆ ಗಾಯ ಇನ್ನೂ ಆಳವಾಗುತ್ತದೆ.

ಹಣಕ್ಕಿಂತಲೂ ಹೆಚ್ಚು ಮೌನವಾಗಿ ನಡೆಯುವುದು ಚಿನ್ನದ ಸಾಲ. ಅಕ್ಕನ ಬಳೆ, ನಾದಿನಿಯ ಸರ ತಂದು ಬ್ಯಾಂಕಿನಲ್ಲಿ ಅಡವಿಡುವುದು ನಮ್ಮಲ್ಲಿ ಸಾಮಾನ್ಯ. ಬ್ಯಾಂಕಿನ ಬಡ್ಡಿಯನ್ನು ಕಟ್ಟಬೇಕಾದವನು ಕಟ್ಟದೆ ಆಭರಣ ಹರಾಜಿಗೆ ಬಂದರೆ, "ಅಂದಿನ ಕ್ರಯ ಕೊಟ್ಟುಬಿಡುತ್ತೇನೆ" ಎನ್ನುವುದು ಸರಿಯಲ್ಲ. ಚಿನ್ನದ ಬೆಲೆ ಏರಿದ ರೀತಿ ಎಲ್ಲರಿಗೂ ತಿಳಿದೇ ಇದೆ. ಅಂದಿನ ಹಣದಿಂದ ಇಂದು ಅದರ ಒಂದು ತುಂಡೂ ಬಾರದು. ಚಿನ್ನ ಪಡೆದವನು ಅಷ್ಟೇ ತೂಕದ ಚಿನ್ನವನ್ನೇ ಹಿಂದಿರುಗಿಸಬೇಕು. ಆ ಸರದ ಒಡತಿಯ ಹೆಸರಿನಲ್ಲಿ ಬೇರೆ ಆಸ್ತಿ ಇಲ್ಲದಿರುವುದೇ ಹೆಚ್ಚು ಎಂಬುದನ್ನು ಮರೆಯಬಾರದು.

ಬರವಣಿಗೆಯ ಬಗ್ಗೆ ಕೆಲವು ಮಾತು. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಕೈಸಾಲದ ವಸೂಲಿಗೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಸಾಲಗಾರನು ಸಾಲವನ್ನು ಒಪ್ಪಿ ಬರೆದು ಸಹಿ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಪ್ರಾಮಿಸರಿ ನೋಟಿನಲ್ಲಿ ಬಡ್ಡಿಯ ದರ ಬರೆಯದೆ ಬಿಟ್ಟರೆ ಬಡ್ಡಿ ಇಲ್ಲವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ದರ ನಮೂದಿಸದ ನೋಟಿಗೆ, ಹಣ ಕೊಡಬೇಕಾಗಿದ್ದ ದಿನದಿಂದ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ ಲೆಕ್ಕ ಹಾಕಬೇಕೆಂದು ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 80ನೆಯ ಸೆಕ್ಷನ್ ಹೇಳುತ್ತದೆ. ಬಡ್ಡಿ ಬೇಡವಾದರೆ 'ಬಡ್ಡಿ ಇಲ್ಲ' ಎಂದೇ ಸ್ಪಷ್ಟವಾಗಿ ಬರೆಯಬೇಕು. ರೂ. 20,000 ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧ ಸಾಮಾನ್ಯವಾಗಿ ಇರುವುದರಿಂದ ಬ್ಯಾಂಕಿನ ಮೂಲಕ ಕೊಡುವುದೇ ಕ್ಷೇಮ. ಬರೆಯದ ಕಾಗದಕ್ಕೆ, ಮೊತ್ತ ತುಂಬದ ಚೆಕ್ಕಿಗೆ ಸಹಿ ಹಾಕಬೇಡಿ; ನಂಟನೇ ಆದರೂ ಕೇಳಬೇಡಿ.

ಗಡಿನಾಡಿನ ಕನ್ನಡಿಗರಾದ ನಮಗೆ ಇನ್ನೊಂದು ಎಚ್ಚರ ಬೇಕು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಇಬ್ಬರು ನಂಟರು, ಪೇಟೆಯಲ್ಲಿ ಬೇರೊಬ್ಬರಿಂದ ಮಲಯಾಳದಲ್ಲಿ ಬರೆಸಿದ ಪತ್ರಕ್ಕೆ ಓದಲಾಗದೆಯೇ ಸಹಿ ಹಾಕುವುದುಂಟು. ಸಾಲದ ಚೀಟಿಯನ್ನು ಇಂತಹ ಭಾಷೆಯಲ್ಲೇ ಬರೆಯಬೇಕೆಂಬ ಕಾನೂನೇನೂ ಇಲ್ಲ. ಇಬ್ಬರಿಗೂ ಓದಲು ಬರುವ ಕನ್ನಡದಲ್ಲಿ ಮೊತ್ತ, ದಿನಾಂಕ, ಬಡ್ಡಿ, ಹಿಂದಿರುಗಿಸುವ ಅವಧಿ, ಇಷ್ಟನ್ನು ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡರೆ ಸಾಕು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಅದನ್ನು ಸುಳ್ಳಾಗಿಸುವ ಹೊಣೆ ಮುಖ್ಯವಾಗಿ ಪಡೆದವನದು. ಹೇಳಿದ ದಿನಕ್ಕೆ ಹಣ ಒದಗದಿದ್ದರೆ ಆ ದಿನವೇ ಹೋಗಿ ಹಾಗೆಂದು ಹೇಳಬೇಕು. ತಲೆ ತಪ್ಪಿಸಿಕೊಂಡು ಬೇರೆ ದಾರಿಯಲ್ಲಿ ನಡೆಯಬಾರದು. ಮೂರು ವರ್ಷ ಕಳೆದರೆ ದಾವೆಯ ಹಕ್ಕು ಹೋಗಬಹುದು, ಋಣ ಹೋಗುವುದಿಲ್ಲ. ಕೊಟ್ಟವನೂ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಸಾಲದ ಸುದ್ದಿ ಎತ್ತಬಾರದು.

ಈ ಮಳೆಗಾಲದಲ್ಲಿ ನಂಟರ ಮನೆಗೆ ಸಾಲಕ್ಕಾಗಿ ಹೋಗುವವರು ಜೊತೆಗೆ ಒಂದು ಕಾಗದವನ್ನೂ ಒಯ್ಯಲಿ. ಬಡ್ಡಿ ಎಷ್ಟೆಂದು ತಾವಾಗಿಯೇ ಕೇಳಲಿ. "ಬೇಡ" ಎಂಬ ಉತ್ತರ ಬಂದರೆ ಅದನ್ನೂ ಆ ಕಾಗದದಲ್ಲಿ ಬರೆಯಲಿ. ಅಷ್ಟು ಮಾಡಿದರೆ ಮುಂದಿನ ಒಕ್ಕಲಿಗೆ ಅಣ್ಣನೂ ಬರುತ್ತಾನೆ. ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಮಾತನಾಡುತ್ತಾರೆ.