ಅನುಕರಣ ಶಬ್ದಗಳು ಕೇವಲ ಮಕ್ಕಳ ಮಾತೇ?

ಕೊಳದೊಳಗೆ ಬಿದ್ದ ಕಲ್ಲು ‘ಬುಳುಂಕನೆ’ ಮುಳುಗಿತೆಂದು ನಾವು ಹೇಳುತ್ತೇವೆ. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ಪಾಸ್ತಾಸಾ ಕಾಡುಗಳಲ್ಲಿ ಕೆಚುವಾ ಭಾಷೆಯನ್ನಾಡುವವರು ಇದಕ್ಕೆ ‘ತ್ಸುಪು’ ಎನ್ನುತ್ತಾರೆ. ಇಂತಹ ಅನುಕರಣ ಶಬ್ದಗಳು ಮಕ್ಕಳ ಬಾಯಿಗೆ ಮಾತ್ರ ಸಲ್ಲತಕ್ಕವು, ವಿದ್ಯಾವಂತರ ಬರವಣಿಗೆಗೆ ತಕ್ಕವಲ್ಲ ಎಂಬ ಭಾವನೆಯುಂಟು. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಭೌತವಿಜ್ಞಾನದ ದೃಷ್ಟಿಯಿಂದ ಆ ಪದವನ್ನು ಪರಿಶೀಲಿಸೋಣ. ವಸ್ತುವೊಂದು ನೀರಿಗೆ ಬಿದ್ದಾಗ ಮೊದಲು ಮೇಲ್ಮೈಯಲ್ಲಿ ಕ್ಷಣಕಾಲ ಸಪ್ಪಳವಾಗುತ್ತದೆ. ಅನಂತರ ನೀರು ಮತ್ತೆ ಕೂಡಿಕೊಳ್ಳುವಾಗ, ಒಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆ ಕಂಪಿಸಿ ಸ್ವರವನ್ನು ಹೊರಡಿಸುತ್ತದೆ. ಗುಳ್ಳೆಯ ಗಾತ್ರಕ್ಕೂ ಆ ಸ್ವರಕ್ಕೂ ಇರುವ ಸಂಬಂಧವನ್ನು ಮಿನಾರ್ಟ್ ಎಂಬ ವಿಜ್ಞಾನಿ 1933ರಲ್ಲಿ ನಿರೂಪಿಸಿದನು. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆಯು ಸೆಕೆಂಡಿಗೆ ಸುಮಾರು 3,000 ಸಲ ಕಂಪಿಸುತ್ತದೆ. ‘ತ್ಸು’ ಎಂಬಲ್ಲಿ ಮೊದಲ ಸಪ್ಪಳವೂ, ತುಟಿಗಳು ಮುಚ್ಚಿ ತೆರೆಯುವ ‘ಪು’ ಎಂಬಲ್ಲಿ ನೀರು ಮುಚ್ಚಿಕೊಂಡ ಬಗೆಯೂ ನಮ್ಮ ಕಿವಿಗೆ ಕೇಳಿಬರುತ್ತವೆ. ಅಂದಮೇಲೆ ಇದು ಸೂಕ್ಷ್ಮವಾದ ಅವಲೋಕನದ ಫಲವಲ್ಲವೇ?

ಕೆಚುವಾ ಭಾಷೆ ಇಷ್ಟಕ್ಕೇ ನಿಲ್ಲುವುದಿಲ್ಲ. ನೀರಿನ ಮೇಲಕ್ಕೆ ತೇಲಿಬರುವುದನ್ನು ‘ಪೊಲಾಂಗ್’ ಎಂಬ ಪದ ಸೂಚಿಸುತ್ತದೆ. ಅಲ್ಲಿ ಅನುಕರಿಸಲು ಸದ್ದೇ ಇಲ್ಲ. ಪದವು ಚಲನೆಯನ್ನೇ ಚಿತ್ರಿಸುತ್ತದೆ. ಜಾನಿಸ್ ನಕಲ್ಸ್ ಎಂಬ ವಿದುಷಿ ಇಂತಹ ಶಬ್ದಗಳನ್ನು ಕುರಿತು 1996ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಆದರೆ ಈ ಪದಗಳ ಜೀವವಿರುವುದು ಅವುಗಳನ್ನು ಎಳೆದು, ಒತ್ತಿ, ಉಸಿರುಗೂಡಿಸಿ ಆಡುವುದರಲ್ಲಿ. ಆಡುವವರು ಸ್ಪ್ಯಾನಿಷ್ ಭಾಷೆಗೆ ತಿರುಗಿದರೆ ಬರಿಯ ಅಕ್ಷರ ಅವುಗಳನ್ನು ಉಳಿಸಲಾರದು. ಆದುದರಿಂದ ಅವುಗಳನ್ನು ನಿಘಂಟಿನಲ್ಲಿ ಬರೆದಿಡುವುದರ ಜೊತೆಗೆ ಧ್ವನಿಮುದ್ರಣವನ್ನೂ ಮಾಡಿಡಬೇಕು. ನಮ್ಮ ವಿದ್ಯಾರ್ಥಿಗಳೂ ‘ಬುಳುಂಕನೆ’ ಎಂದು ಬರೆಯಲು ನಾಚಬೇಕಾಗಿಲ್ಲ.